ಗಾಳದ ಕೋಲು ನೀರಲ್ಲಿದ್ದಾಗ ಎದ್ದು ಹೋಗಬೇಡಿ: ತುಂಗಭದ್ರೆ, ಸೂಳೆಕೆರೆ ದಂಡೆಗೆ ಹೋಗುವವರಿಗೆ

ಭಾನುವಾರ ಬಂತೆಂದರೆ ಹರಿಹರದ ಸೇತುವೆ ಕೆಳಗೆ, ಹೊನ್ನಾಳಿಯ ಹೊಳೆಸಾಲಲ್ಲಿ, ಸೂಳೆಕೆರೆ ಏರಿಯ ಆಚೀಚೆ, ಹಿರಿಯೂರು ಕಡೆ ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಲ್ಲಿ ಗಾಳ ಹಾಕಿ ಕೂತವರು ಕಾಣುತ್ತಾರೆ. ಜೊತೆಗೆ ಕಾವಲಿಲ್ಲದ ಕೋಲುಗಳೂ ಕಾಣುತ್ತವೆ. ಎರಡು ಕಲ್ಲಿನ ನಡುವೆ ಸಿಕ್ಕಿಸಿ, ತುದಿಗೊಂದು ಗಂಟೆ ಕಟ್ಟಿ, ಹಾಕಿದವರು ಮಿರ್ಚಿ ಮಂಡಕ್ಕಿಗೋ ಚಹಾಕ್ಕೋ ಹೋಗಿರುತ್ತಾರೆ. ಕೆಲವರು ಸಂಜೆ ಕಟ್ಟಿ ಬೆಳಿಗ್ಗೆ ಬರುತ್ತಾರೆ. ಹೊಳೆ ದಂಡೆಯಲ್ಲಿ ಆಗುವ ಹಲವು ಅನಾಹುತಗಳು ಇಲ್ಲಿಂದಲೇ ಶುರುವಾಗುತ್ತವೆ. ಮೀನು ಸಾಯುತ್ತದೆ, ಆಮೆ ಗಾಳ ನುಂಗುತ್ತದೆ, ಎಮ್ಮೆ ಕಾಲಿಗೆ ದಾರ ಸುತ್ತಿಕೊಳ್ಳುತ್ತದೆ, ಹೋದ ಕೋಲನ್ನು ಹಿಡಿಯಲು ಮನುಷ್ಯ ನೀರಿಗಿಳಿಯುತ್ತಾನೆ.

ಪಾಲಿಸಬೇಕಾದ ನಿಯಮ ಒಂದೇ. ಕೋಲು ನೀರಲ್ಲಿದ್ದಷ್ಟು ಹೊತ್ತು ನೀವು ಅದಕ್ಕೆ ಎರಡು ಹೆಜ್ಜೆ ದೂರದಲ್ಲಿರಬೇಕು. ಏಳಬೇಕಾದರೆ ದಾರ ಪೂರ್ತಿ ಸುತ್ತಿಕೊಂಡೇ ಏಳಬೇಕು. ಮಿಕ್ಕಿದ್ದೆಲ್ಲ ಇದನ್ನು ಪಾಲಿಸುವ ಬಗೆ ಮತ್ತು ಪಾಲಿಸದಿದ್ದಾಗ ಕೆಡುವ ಬಗೆ.

ಬಿಟ್ಟುಹೋದ ಕೋಲಿಗೆ ಏನಾಗುತ್ತದೆ

ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಹಿಟ್ಟಿನುಂಡೆಯನ್ನು ಒಮ್ಮೆಲೇ ನುಂಗುವುದಿಲ್ಲ. ಬಾಯಿಗೆ ಎಳೆದುಕೊಂಡು ಉಗುಳುತ್ತವೆ, ಮತ್ತೆ ಎಳೆದುಕೊಳ್ಳುತ್ತವೆ. ಪಕ್ಕದಲ್ಲಿ ಕೂತವರು ಆ ಹೊತ್ತಿಗೆ ಕೋಲು ಎತ್ತಿದರೆ ಗಾಳ ತುಟಿಯಲ್ಲಿ ಕೂರುತ್ತದೆ, ಅರ್ಧ ನಿಮಿಷದಲ್ಲಿ ಬಿಡಿಸಬಹುದು. ಯಾರೂ ಇಲ್ಲದಿದ್ದರೆ ಮೀನು ತಾನೇ ಚುಚ್ಚಿಸಿಕೊಂಡು ಓಡುತ್ತದೆ. ಫೈಬರ್ ಕೋಲು, ರೀಲು ಎರಡೂ ಸೇರಿದರೂ ಒಂದು ಕಿಲೋ ತೂಗುವುದಿಲ್ಲ. ರೀಲಿನ ಡ್ರ್ಯಾಗ್, ಅಂದರೆ ದಾರ ಬಿಚ್ಚದಂತೆ ತಡೆಯುವ ಹಿಡಿತ, ಬಿಗಿಯಾಗಿದ್ದರೆ ನಾಲ್ಕೈದು ಕಿಲೋದ ಕಾಟ್ಲಾ ಅದನ್ನು ಕಲ್ಲಿನ ಸಂದಿನಿಂದ ಕಿತ್ತು ನೀರಿಗೆ ಎಳೆಯಲು ಎರಡು ಸೆಕೆಂಡು ಸಾಕು. ಕೋಲು ಮುಳುಗುತ್ತದೆ, ಆದರೆ ದಾರ ಮೀನಿನ ಬಾಯಲ್ಲೇ ಇರುತ್ತದೆ. ಎಂಟು ಅಡಿಯ ಕೋಲನ್ನು ಎಳೆದುಕೊಂಡು ಹೋಗುವ ಮೀನು ಯಾವುದಾದರೂ ಬಂಡೆಗೋ ಮುಳುಗಿದ ಜಾಲಿಗೋ ಸುತ್ತಿಕೊಂಡು ನಿಲ್ಲುತ್ತದೆ, ಅಲ್ಲೇ ದಿನಗಟ್ಟಲೆ ಒದ್ದಾಡಿ ಸಾಯುತ್ತದೆ. ವಾಣಿವಿಲಾಸ ಸಾಗರದಲ್ಲಿ ಇದು ಹೆಚ್ಚು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಗಿಡಗಂಟಿಯೆಲ್ಲ ಈಗ ನೀರಿನಡಿ ಇದೆ.

ಕೊರವ, ಬಾಳೆ ಮೀನಿನ ಕತೆ ಬೇರೆ. ಅವು ಬೇಟೆಯಾಡುವ ಮೀನು, ಸಿಕ್ಕಿದ್ದನ್ನು ನುಂಗಿಬಿಡುತ್ತವೆ. ಎರೆಹುಳುವೋ ಕೋಳಿ ಕರುಳೋ ಸಿಕ್ಕಿಸಿದ ಗಾಳವನ್ನು ಹತ್ತು ನಿಮಿಷ ಬಿಟ್ಟರೆ ಅದು ಗಂಟಲು ದಾಟಿರುತ್ತದೆ. ಆಮೇಲೆ ಆ ಮೀನು ಚಿಕ್ಕದಾದರೂ, ಹೊಟ್ಟೆಯಲ್ಲಿ ಮೊಟ್ಟೆ ಇದ್ದರೂ, ಬಿಟ್ಟು ಬದುಕಿಸುವುದು ಕಷ್ಟ.

ಗಂಟೆ ಕಟ್ಟಿದ್ದೇನಲ್ಲ ಎನ್ನುವವರು ಒಂದು ತಿಳಿದಿರಲಿ. ಗಂಟೆ ಗಾಳಿಗೂ ಬಾರಿಸುತ್ತದೆ, ಸೆಳವಿಗೂ ಬಾರಿಸುತ್ತದೆ. ಹತ್ತು ಸಲ ಸುಮ್ಮನೆ ಬಾರಿಸಿದ ಮೇಲೆ ಹನ್ನೊಂದನೆಯ ಸಲಕ್ಕೆ ಯಾರೂ ಏಳುವುದಿಲ್ಲ. ಆಮೆ ಹಿಡಿದರೆ ಗಂಟೆ ಬಾರಿಸುವುದೇ ಇಲ್ಲ. ಆಮೆ ಓಡುವುದಿಲ್ಲ, ತಳದಲ್ಲಿ ಕೂತು ನಿಧಾನವಾಗಿ ಅಗಿಯುತ್ತದೆ.

ಹೋಗುವ ಮುಂಚೆ

ಯಾವ ನೀರು ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ಕೇಳಿಕೊಳ್ಳಿ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ನಮ್ಮ ಭಾಗದ ಬಹುತೇಕ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಅಲ್ಲಿ ಕೇಳದೆ ಗಾಳ ಹಾಕುವುದು ಇನ್ನೊಬ್ಬರ ಹೊಲದಲ್ಲಿ ತೆನೆ ಮುರಿದಂತೆ. ದೊಡ್ಡ ಕೆರೆ, ಜಲಾಶಯ, ಹೊಳೆಯಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಊರಿನ ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಹರಿಹರದಲ್ಲಿ ಹೊಳೆ ದಾಟಿದರೆ ಹಾವೇರಿ ಜಿಲ್ಲೆ, ಅಲ್ಲಿ ಅವರ ಕಚೇರಿಯಲ್ಲಿ ಕೇಳಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ ನೀರು ಬಂದಾಗ ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಯಿಡಲು ಸೆಳವಿಗೆ ಎದುರಾಗಿ ಹತ್ತುತ್ತವೆ. ಕೋಡಿ ಬಳಿ, ಹಳ್ಳ ಕೂಡುವಲ್ಲಿ ಗುಂಪುಗುಂಪಾಗಿ ಸಿಗುತ್ತವೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನನ್ನು ಆಗ ಹಿಡಿದರೆ ಮುಂದಿನ ವರ್ಷದ ಕೆರೆಯನ್ನೇ ಖಾಲಿ ಮಾಡಿದಂತೆ. ಆ ಮೂರು ತಿಂಗಳು ಕೋಲು ಮನೆಯಲ್ಲಿರಲಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಹೊಳೆಯ ಅಪಾಯ ನೋಡಿದರೂ ಅದೇ ಸರಿ.

ಚೀಲದಲ್ಲಿ ಇವು ಇರಲಿ: ಮೆಡಿಕಲ್ ಶಾಪಿನಲ್ಲಿ ಸಿಗುವ 6 ಇಂಚಿನ ಆರ್ಟರಿ ಫೋರ್ಸೆಪ್ಸ್, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್, ದೊಡ್ಡ ಹತ್ತಿ ಟವೆಲ್, ಹಿಡಿ ಇರುವ ಕೈಬಲೆ, ಟಾರ್ಚು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, 10 ಅಡಿ ನೈಲಾನ್ ಹಗ್ಗ. ಈ ಡಬ್ಬಿ ಯಾಕೆಂದು ಕೊನೆಯಲ್ಲಿ ಹೇಳುತ್ತೇವೆ.

ಕೋಲು ನಿಲ್ಲಿಸುವ ಕ್ರಮ

ಒಬ್ಬರಿಗೆ ಎರಡು ಕೋಲು ಸಾಕು. ಮೂರನೆಯದನ್ನು ಹಾಕಿದ ಕೂಡಲೇ ಒಂದಂತೂ ಕಾವಲಿಲ್ಲದ ಕೋಲಾಗುತ್ತದೆ, ನೀವು ಅಲ್ಲೇ ಕೂತಿದ್ದರೂ ಸಹ. ಎರಡರ ನಡುವೆ ನಾಲ್ಕು ಅಡಿಗಿಂತ ಹೆಚ್ಚು ಅಂತರ ಬೇಡ. ಎದ್ದು ನಿಲ್ಲದೆಯೇ ಎರಡೂ ಕೈಗೆ ಸಿಗಬೇಕು.

ಕಲ್ಲಿನ ಸಂದಿ, ಮರದ ಕವೆ ನಂಬಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ 10 ಎಂಎಂ ಕಬ್ಬಿಣದ ಸಲಾಕೆಯನ್ನು ಎರಡೂವರೆ ಅಡಿಗೆ ಕತ್ತರಿಸಿ, ತಲೆಗೆ ಕವೆಯ ಆಕಾರದಲ್ಲಿ ಇನ್ನೊಂದು ತುಂಡು ಬೆಸೆಸಿಕೊಳ್ಳಿ. ಒಂದು ಕೋಲಿಗೆ ಅಂಥವು ಎರಡು ಬೇಕು. ಎರೆಮಣ್ಣಿನಲ್ಲಿ ಒಂದು ಅಡಿ ಇಳಿಸಿದರೆ ಗಟ್ಟಿ ನಿಲ್ಲುತ್ತದೆ. ತುಂಗಭದ್ರೆಯ ಮರಳಲ್ಲಿ ಒಂದೂವರೆ ಅಡಿ ಇಳಿಸಿ, ಬುಡಕ್ಕೆ ಕಲ್ಲು ಜೋಡಿಸಿ. ವಾಣಿವಿಲಾಸ ಸಾಗರವಿರುವ ಮಾರಿಕಣಿವೆ ಕಡೆಯ ಕಲ್ಲುನೆಲದಲ್ಲಿ ಸಲಾಕೆ ಇಳಿಯುವುದಿಲ್ಲ, ಅಲ್ಲಿ ಮೂರು ಕಾಲಿನ ಸ್ಟ್ಯಾಂಡೇ ಗತಿ. ಕೋಲಿನ ಹಿಡಿಗೆ 3 ಎಂಎಂ ಹಗ್ಗ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿಯಿರಿ. ಇದು ಕೋಲು ಹೊಳೆ ಪಾಲಾಗದಿರಲಿ ಎಂದಷ್ಟೇ. ಹಗ್ಗ ಕಟ್ಟಿದ್ದೇನೆ ಎಂದು ಎದ್ದು ಹೋದರೆ ಕೋಲು ಉಳಿಯುತ್ತದೆ, ಮೀನಿನ ಬಾಯಿ ಹರಿಯುತ್ತದೆ.

ಇನ್ನು ಡ್ರ್ಯಾಗ್. ಹೆಚ್ಚಿನವರು ತಪ್ಪುವುದು ಇಲ್ಲಿ. ಕಾಟ್ಲಾ ದೊಡ್ಡದಿದೆ ಎಂಬ ಆಸೆಗೆ ರೀಲಿನ ಗುಂಡಿಯನ್ನು ತಿರುಗದಷ್ಟು ಬಿಗಿದುಬಿಡುತ್ತಾರೆ. ಅಳೆದು ಬಿಗಿಯುವ ಕ್ರಮ ಹೀಗಿದೆ. ಸಂತೆಯಲ್ಲಿ ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರದ ತುದಿ ಕಟ್ಟಿ. ಜೊತೆಯವರು ತಕ್ಕಡಿ ಹಿಡಿದು ನಿಲ್ಲಲಿ, ನೀವು ಕೋಲನ್ನು ಓರೆಯಾಗಿ ಎತ್ತಿ ಹಿಂದೆ ಸರಿಯಿರಿ. ದಾರ ಬಿಟ್ಟುಕೊಳ್ಳಲು ಶುರುವಾದಾಗ ತಕ್ಕಡಿಯ ಮುಳ್ಳು ಎಲ್ಲಿದೆ ನೋಡಿ. 7 ಕಿಲೋ ತಡೆಯುವ ದಾರಕ್ಕೆ ಅದು ಒಂದೂಮುಕ್ಕಾಲು ಕಿಲೋ ತೋರಿಸಬೇಕು, ಅಂದರೆ ಕಾಲು ಭಾಗ. ಗಂಟು ಹಾಕಿದಲ್ಲಿ ದಾರದ ಶಕ್ತಿ ಕುಗ್ಗುವುದರಿಂದ ಇದಕ್ಕಿಂತ ಹೆಚ್ಚು ಬಿಗಿದರೆ ಮೀನು ಗಾಳ, ಸೀಸ, ನಾಲ್ಕು ಮಾರು ದಾರ ಹೊತ್ತುಕೊಂಡು ಹೋಗುತ್ತದೆ.

ಇದು ಮೀನು ಆಡಿಸುವಾಗಿನ ಬಿಗಿ. ಕೋಲು ಸ್ಟ್ಯಾಂಡಿನ ಮೇಲಿರುವಾಗ ಇನ್ನೂ ಸಡಿಲ ಬೇಕು. ಬೆರಳಲ್ಲಿ ದಾರ ಎಳೆದರೆ ಸುಲಭವಾಗಿ ಬರಬೇಕು, ಸೆಳವಿಗೆ ಮಾತ್ರ ತಾನಾಗಿ ಬಿಚ್ಚಬಾರದು. ಬೇಟ್‌ರನ್ನರ್ ರೀಲಿನಲ್ಲಿ ಇದಕ್ಕೇ ಹಿಂದೊಂದು ಸನ್ನೆ ಇರುತ್ತದೆ. ಅದನ್ನು ಹಿಂದಕ್ಕೆ ಒತ್ತಿದರೆ ದಾರ ಹಗುರಾಗಿ ಬಿಚ್ಚುತ್ತದೆ, ಹಿಡಿ ತಿರುಗಿಸಿದ ಕೂಡಲೇ ಮೊದಲಿನ ಬಿಗಿಗೆ ಬರುತ್ತದೆ. ಸಾದಾ ರೀಲಾದರೆ ಡ್ರ್ಯಾಗ್ ಸಡಿಲಿಸಿಡಿ, ಮೀನು ಎಳೆದಾಗ ಕೋಲು ಎತ್ತಿ ಗುಂಡಿಯನ್ನು ಅರ್ಧ ಸುತ್ತು, ಮುಕ್ಕಾಲು ಸುತ್ತು ಬಿಗಿಯಿರಿ. ಎಷ್ಟು ಸುತ್ತು ಎಂಬುದನ್ನು ಮನೆಯಲ್ಲೇ ತಕ್ಕಡಿ ಇಟ್ಟು ನೋಡಿಕೊಂಡಿರಬೇಕು.

ಗಂಟೆಗಿಂತ ಒಳ್ಳೆಯ ಸೂಚನೆ ಹಿಟ್ಟಿನುಂಡೆ. ರೀಲಿಗೂ ಮೊದಲ ಉಂಗುರಕ್ಕೂ ನಡುವಿನ ದಾರವನ್ನು ಒಂದು ಗೇಣು ಕೆಳಗೆಳೆದು, ನಿಂಬೆಹಣ್ಣಿಗಿಂತ ಚಿಕ್ಕ ಹಿಟ್ಟಿನುಂಡೆ ಅಂಟಿಸಿ. ಮೀನು ಮೂಸಿದರೆ ಉಂಡೆ ನಡುಗುತ್ತದೆ, ಎಳೆದರೆ ಮೇಲೇರುತ್ತದೆ, ಮೀನು ನಿಮ್ಮ ಕಡೆ ಬಂದರೆ ಕೆಳಗಿಳಿಯುತ್ತದೆ. ಕಣ್ಣಿಟ್ಟವರಿಗೆ ಮಾತ್ರ ಅದು ಕಾಣುತ್ತದೆ, ಒಳ್ಳೆಯದೇ ಆಯಿತು.

ಬಿದಿರಿನ ಕೋಲಿಗೆ ರೀಲಿಲ್ಲ, ದಾರ ತುದಿಗೇ ಕಟ್ಟಿರುತ್ತದೆ. ಬಿಟ್ಟುಕೊಡಲು ಏನೂ ಇಲ್ಲದ್ದರಿಂದ ಅದನ್ನು ಕೆಳಗಿಡಲೇಬಾರದು.

ಗಾಳದ ತುದಿಯ ಹಿಂದಿರುವ ಸಣ್ಣ ಮುಳ್ಳನ್ನು ಪ್ಲೇಯರ್‌ನಲ್ಲಿ ಒತ್ತಿ ಮಡಿಸಿಬಿಡಿ. ಸರಿಯಾಗಿ ಮಡಿಸಿದ್ದರೆ ಹತ್ತಿ ಬಟ್ಟೆಗೆ ಚುಚ್ಚಿ ಎಳೆದಾಗ ಎಳೆ ಸಿಕ್ಕದೆ ಬರುತ್ತದೆ. ದಾರ ಬಿಗಿಯಾಗಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಮೀನಿನ ತುಟಿಯಿರಲಿ, ನಿಮ್ಮ ಹೆಬ್ಬೆರಳಿರಲಿ, ಬಿಡಿಸುವುದು ಸುಲಭ. ಸ್ಪ್ರಿಂಗಿನ ಸುತ್ತ ಆರೆಂಟು ಗಾಳ ಕಟ್ಟಿ ನಡುವೆ ಹಿಂಡಿ ಮೆತ್ತುವ ಗುಚ್ಛ ಬೇಡವೇ ಬೇಡ. ಒಂದು ಗಾಳ ತುಟಿಗೆ ಕೂತರೆ ಮಿಕ್ಕವು ಕಣ್ಣಿಗೆ, ಕಿವಿರಿಗೆ, ಹೊಟ್ಟೆಗೆ ಕೂರುತ್ತವೆ. ದಾರ ತುಂಡಾಗಿ ಅದು ತಳದಲ್ಲಿ ಉಳಿದರೆ ಅದರ ಮೇಲೆ ಕಾಲಿಡುವವರು ಬೆಸ್ತರೋ ಈಜುವ ಹುಡುಗರೋ ಆಗಿರುತ್ತಾರೆ.

ಏಳಬೇಕಾದಾಗ

ಬಾಯಾರಿಕೆ ಇರಲಿ, ಫೋನ್ ಇರಲಿ, ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಿರಲಿ, ಕ್ರಮ ಒಂದೇ.

1. ದಾರ ಪೂರ್ತಿ ಸುತ್ತಿ, ಗಾಳ ದಡಕ್ಕೆ ತನ್ನಿ.
2. ಗಾಳದಲ್ಲಿರುವ ಹುಳು, ಹಿಟ್ಟು, ಕರುಳು ತೆಗೆದುಬಿಡಿ. ಇದನ್ನು ಬಹಳ ಜನ ಬಿಡುತ್ತಾರೆ. ದಡದ ಮೇಲಿಟ್ಟ ಗಾಳದಲ್ಲಿ ಕೋಳಿ ಕರುಳಿದ್ದರೆ ನಾಯಿ ನುಂಗುತ್ತದೆ, ಹಿಟ್ಟಿದ್ದರೆ ಕಾಗೆ ಕಚ್ಚುತ್ತದೆ.
3. ಗಾಳದ ತುದಿಯನ್ನು ಹಳೇ ಹವಾಯಿ ಚಪ್ಪಲಿಯ ರಬ್ಬರ್ ತುಂಡಿಗೆ ಚುಚ್ಚಿ, ದಾರ ಬಿಗಿಮಾಡಿ.
4. ಕೋಲನ್ನು ಕಾಲುದಾರಿಯಿಂದ ಆಚೆ ಮರಕ್ಕೆ ಒರಗಿಸಿ. ನೆಲದ ಮೇಲೆ ಮಲಗಿಸಿದರೆ ದನಗಳು ತುಳಿಯುತ್ತವೆ. ಒರಗಿಸುವ ಮುನ್ನ ಮೇಲೆ ಕರೆಂಟು ತಂತಿ ಇದೆಯೇ ನೋಡಿ.

ಇಷ್ಟಕ್ಕೂ ಒಂದು ನಿಮಿಷ ಬೇಕು. ಜೊತೆಯವರಿಗೆ ಒಪ್ಪಿಸಿ ಹೋಗುವುದಾದರೆ ಮುಖ ನೋಡಿ ಹೇಳಿ, ಅವರು "ಹ್ಞೂಂ, ನೋಡ್ಕೋತೀನಿ" ಅಂದ ಮೇಲೆ ಏಳಿ. ಅವರಿಗಾಗಲೇ ಎರಡು ಕೋಲಿದ್ದರೆ ಅವರು ನಿಮ್ಮದನ್ನು ನೋಡಲಾರರು. ಎಂಟು ವರ್ಷದ ಮಗನನ್ನು ಕಾವಲಿಗೆ ಕೂರಿಸಿ ಹೋಗಬೇಡಿ. ದೊಡ್ಡ ಮೀನು ಎಳೆದರೆ ಹುಡುಗ ಕೋಲು ಬಿಡುವುದಿಲ್ಲ, ಕೋಲಿನ ಹಿಂದೆಯೇ ನೀರಿಗೆ ಹೋಗುತ್ತಾನೆ.

ನಿದ್ದೆ ಬಂತೆಂದರೂ ಎದ್ದು ಹೋದಂತೆಯೇ. ರಾತ್ರಿ ಕೂತವರು ಕಣ್ಣು ಎಳೆಯತೊಡಗಿದ ಕೂಡಲೇ ದಾರ ಸುತ್ತಿ ಮಲಗಲಿ. ಗೂಟಕ್ಕೆ ಗಾಳ ಕಟ್ಟಿ ರಾತ್ರಿಯಿಡೀ ಬಿಟ್ಟು ಬರುವ ರೂಢಿಯನ್ನು ನಿಲ್ಲಿಸಲೇಬೇಕು.

ಕೋಲು ನೀರಿಗೆ ಹೋಯಿತೆಂದರೆ

ಹಿಂದೆಯೇ ಇಳಿಯಬೇಡಿ. ಹೊನ್ನಾಳಿ, ಹರಿಹರ ಭಾಗದಲ್ಲಿ ಮರಳು ತೆಗೆದ ಗುಂಡಿಗಳಿವೆ. ಮೊಣಕಾಲು ನೀರಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು ಆಳ ಸಿಗುತ್ತದೆ, ಅಂಚಿನ ಮರಳು ಕಾಲಡಿಯಿಂದ ಜಾರುತ್ತಲೇ ಇರುತ್ತದೆ. ಸೂಳೆಕೆರೆಯ ಅಂಚಲ್ಲಿ ಹೂಳು, ಹೂತ ಕಾಲು ಕೀಳುವುದು ಕಷ್ಟ. ಇನ್ನೊಂದು ಕೋಲಿಗೆ 60 ಗ್ರಾಂ ಸೀಸ, ಮೂರು ಮೊನೆಯ ಗಾಳ ಕಟ್ಟಿ, ಕೋಲು ಹೋದ ಜಾಗದ ಆಚೆಗೆ ಎಸೆದು ತಳ ಸವರುವಂತೆ ನಿಧಾನ ಎಳೆಯಿರಿ. ಎಡದಿಂದ ಬಲಕ್ಕೆ, ಒಂದೊಂದು ಎಸೆತಕ್ಕೂ ಒಂದು ಮಾರು ಜಾಗ ಬಿಟ್ಟು. ದಾರ ಸಿಕ್ಕಿದರೆ ಕೋಲೂ ಬರುತ್ತದೆ, ಮೀನೂ ಬಿಡುಗಡೆಯಾಗುತ್ತದೆ. ಆಗದಿದ್ದರೆ ತೆಪ್ಪದವರನ್ನು ಕೇಳಿ, ಅವರ ಶ್ರಮಕ್ಕೆ ದುಡ್ಡು ಕೊಡಿ.

ಬೇರೆಯವರ ಕೋಲು ಒಂಟಿಯಾಗಿ ಕಂಡರೆ

ಮೊದಲು ಜೋರಾಗಿ ಕೂಗಿ. ಹೆಚ್ಚಿನ ಸಲ ಪೊದೆಯಾಚೆ ಯಾರೋ ಇರುತ್ತಾರೆ. ಮೀನು ಬಿದ್ದಿಲ್ಲದಿದ್ದರೆ ಮುಟ್ಟಬೇಡಿ, ಸ್ವಲ್ಪ ಕಾಯಿರಿ. ಮೀನು ಬಿದ್ದಿದ್ದರೆ ಕೋಲು ಎತ್ತಿ ದಾರ ಬಿಗಿಯಾಗಿ ಹಿಡಿದುಕೊಂಡು ಮತ್ತೆ ಕೂಗಿ. ಯಾರೂ ಬರದಿದ್ದರೆ ಮೀನನ್ನು ದಡಕ್ಕೆ ತಂದು, ಗಾಳ ಬಿಡಿಸಿ, ನೀರಿಗೆ ಬಿಟ್ಟು, ದಾರ ಸುತ್ತಿ ಕೋಲನ್ನು ಅಲ್ಲೇ ಇಡಿ. ಮೀನನ್ನು ಚೀಲಕ್ಕೆ ಹಾಕಿಕೊಂಡರೆ ನೀವು ಮಾಡಿದ ಒಳ್ಳೆಯ ಕೆಲಸ ಕಳ್ಳತನವಾಗುತ್ತದೆ, ದಡದಲ್ಲಿ ಜಗಳವೂ ಆಗುತ್ತದೆ. ಅವರು ಬಂದಾಗ ಬೈಯುವುದಕ್ಕಿಂತ ಆದದ್ದನ್ನು ತಿಳಿಸಿ. "ಅಣ್ಣಾ, ಕೋಲು ಎಳ್ಕೊಂಡು ಹೋಗ್ತಿತ್ತು, ಹಿಡಿದು ಮೀನು ಬಿಟ್ಟಿದೀನಿ, ದಾರ ಸುತ್ತಿಟ್ಟಿದೀನಿ" ಎಂದರೆ ಸಾಕು, ಮರ್ಯಾದಸ್ಥರಿಗೆ ಮುಟ್ಟುತ್ತದೆ.

ಆಮೆ, ಹಕ್ಕಿ, ಹಾವು ಸಿಕ್ಕಿದರೆ

ಆಮೆ ಸಿಕ್ಕಾಗ ದಾರ ಹಿಡಿದು ಮೇಲೆತ್ತಬಾರದು. ಅದರ ಇಡೀ ಭಾರ ಗಂಟಲಲ್ಲಿರುವ ಗಾಳದ ಮೇಲೆ ಬೀಳುತ್ತದೆ. ಅಂಚಿಗೆ ನಿಧಾನ ತಂದು ಕೈಬಲೆಯಲ್ಲಿ ಎತ್ತಿ. ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆಗೆ ಕುತ್ತಿಗೆ ಉದ್ದ, ಚಿಪ್ಪಿನ ನಡುವೆ ಹಿಡಿದರೆ ತಿರುಗಿ ಕಚ್ಚುತ್ತದೆ. ಹಿಂಗಾಲುಗಳ ಬಳಿ ಎರಡೂ ಕಡೆ ಹಿಡಿಯಬೇಕು. ಒದ್ದೆ ಟವೆಲ್ ತಲೆಯ ಮೇಲೆ ಹಾಕಿದರೆ ಸುಮ್ಮನಾಗುತ್ತದೆ. ಗಾಳ ತುಟಿಯಲ್ಲಿ ಕಾಣುತ್ತಿದ್ದರೆ, ಮುಳ್ಳು ಮಡಿಸಿದ್ದಾದರೆ, ಹೋದ ದಾರಿಯಲ್ಲೇ ಫೋರ್ಸೆಪ್ಸ್‌ನಿಂದ ಹಿಂದೆ ತೆಗೆಯಿರಿ. ಮುಳ್ಳಿದ್ದರೆ ತುದಿಯನ್ನು ಮುಂದಕ್ಕೆ ಹೊರತಳ್ಳಿ, ಮುಳ್ಳನ್ನು ಪ್ಲೇಯರ್‌ನಲ್ಲಿ ಕತ್ತರಿಸಿ, ಉಳಿದದ್ದನ್ನು ಹಿಂದೆ ಎಳೆಯಿರಿ. ನುಂಗಿಬಿಟ್ಟಿದ್ದರೆ ಎಳೆಯಲೇಬೇಡಿ. ಅಗಲ ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಹಾಸಿ, ಆಮೆಯನ್ನು ನೆರಳಲ್ಲಿಟ್ಟು, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಯಾರೂ ಬರುವ ಹಾಗಿಲ್ಲವೆಂದಾದರೆ ದಾರವನ್ನು ಬಾಯಿಗೆ ತೀರಾ ಹತ್ತಿರ ಕತ್ತರಿಸಿ ಬಿಡಿ. ಈ ಆಮೆ, ನೀರುನಾಯಿ, ಮೊಸಳೆ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಮನೆಗೆ ಒಯ್ಯುವುದು, ಮಾರುವುದು ದೊಡ್ಡ ಅಪರಾಧ.

ದಾರಕ್ಕೆ ಸಿಕ್ಕ ಬೆಳ್ಳಕ್ಕಿ, ನೀರುಕಾಗೆಯ ಮೇಲೆ ಮೊದಲು ಟವೆಲ್ ಹಾಕಿ. ಹೆದರಿದ ಹಕ್ಕಿ ನೇರ ಕಣ್ಣಿಗೇ ಕುಕ್ಕುತ್ತದೆ, ಹಾಗಾಗಿ ಮುಖ ದೂರವಿರಲಿ. ಒಬ್ಬರು ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಇನ್ನೊಬ್ಬರು ದಾರವನ್ನು ಬಿಚ್ಚುವ ಬದಲು ತುಂಡುತುಂಡಾಗಿ ಕತ್ತರಿಸಬೇಕು. ನೀರುಕಾಗೆಯ ಕೊಕ್ಕನ್ನು ಪೂರ್ತಿ ಮುಚ್ಚಿ ಹಿಡಿಯಬೇಡಿ. ಅದಕ್ಕೆ ಹೊರಗೆ ಮೂಗಿನ ಹೊಳ್ಳೆಯಿಲ್ಲ, ಬಾಯಿಂದಲೇ ಉಸಿರಾಡುತ್ತದೆ. ಕೊಕ್ಕಿನ ನಡುವೆ ಒಂದು ಕಡ್ಡಿಯಷ್ಟು ಸಂದಿರಲಿ.

ಹಾವು ಸಿಕ್ಕರೆ, ಅದು ನೀರುಹಾವೇ ಎಂದು ನಿಮಗೆ ಅನಿಸಿದರೂ, ದೂರದಿಂದಲೇ ದಾರ ಕತ್ತರಿಸಿ.

ನಿಮಗೇ ಗಾಳ ಚುಚ್ಚಿತು ಎನ್ನಿ. ಮುಳ್ಳು ಒಳಗೆ ಹೋಗಿದ್ದರೆ ಕಿತ್ತು ತೆಗೆಯುವ ಸಾಹಸ ಬೇಡ. ದಾರ ಕತ್ತರಿಸಿ, ಅಲುಗಾಡದಂತೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ, ಟಿಟಿ ಇಂಜೆಕ್ಷನ್ ಕೇಳಿ. ಕಣ್ಣಿನ ಹತ್ತಿರವಾದರೆ 108ಕ್ಕೆ ಕರೆ ಮಾಡಿ, ಮುಟ್ಟಲೇಬೇಡಿ.

ನೀರು, ಕರೆಂಟು, ಸಿಡಿಲು

ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಕೂಡಲಿಯಲ್ಲಿ ಎರಡೂ ಸೇರಿ ಹೊನ್ನಾಳಿ, ಹರಿಹರಕ್ಕೆ ಬರುತ್ತವೆ. ಮಲೆನಾಡಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಕೂತ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಅರ್ಧ ಗಂಟೆಯಲ್ಲಿ ನಾಲ್ಕು ಬೆರಳು ಏರಿದರೆ, ನೀರು ಕೆಂಪಾದರೆ, ಕಸಕಡ್ಡಿ ನೊರೆ ತೇಲಿಬಂದರೆ ಗಂಟುಮೂಟೆ ಕಟ್ಟಿ. ನಡುಗಡ್ಡೆಯ ಬಂಡೆಯ ಮೇಲೆ ಕೂರುವುದನ್ನು ಮಳೆಗಾಲದಲ್ಲಿ ಬಿಟ್ಟೇಬಿಡಿ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ದಂಡೆಗೂ ಹೋಗಬೇಡಿ. ಇಳಿಜಾರಿನ ಕಾಂಕ್ರೀಟಿಗೆ ಪಾಚಿ ಕಟ್ಟಿರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹೊಳೆಸಾಲಿನ ಉದ್ದಕ್ಕೂ ರೈತರ ಪಂಪ್‌ಸೆಟ್ಟುಗಳಿವೆ. ಕೇಬಲ್ಲು ದಡದ ಮೇಲೆ, ಕೆಲವು ಕಡೆ ನೀರಲ್ಲೇ ಇರುತ್ತದೆ, ಜಾಯಿಂಟಿಗೆ ಟೇಪು ಸುತ್ತಿರುತ್ತಾರೆ ಅಷ್ಟೇ. ಗಾಳ ಕೇಬಲ್ಲಿಗೋ ಫುಟ್‌ವಾಲ್ವಿಗೋ ಸಿಕ್ಕಿದರೆ ಜಗ್ಗಬೇಡಿ, ದಾರ ಕತ್ತರಿಸಿ, ಆ ರೈತರಿಗೆ ತಿಳಿಸಿ. ಪಂಪಿನಿಂದ ಎಡಬಲಕ್ಕೆ ಇಪ್ಪತ್ತು ಮಾರು ಬಿಟ್ಟು ಕೂತರೆ ಈ ರಗಳೆಯೇ ಇಲ್ಲ. ಕಾರ್ಬನ್ ಕೋಲು ಕರೆಂಟು ಹರಿಸುತ್ತದೆ, ತಂತಿಗೆ ತಾಗುವುದೂ ಬೇಕಿಲ್ಲ, ತೀರಾ ಹತ್ತಿರ ಹೋದರೂ ಸಾಕು. ತಂತಿಯಡಿ ನಡೆಯುವಾಗ ಕೋಲನ್ನು ಬಿಡಿಸಿ, ಅಡ್ಡವಾಗಿ ಹಿಡಿದು ಹೋಗಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು, ನೀರಿನಿಂದ, ಒಂಟಿ ಮರದಿಂದ ದೂರ ಹೋಗಿ. ಕೋಲು ಬಿಟ್ಟು ಹೋಗಬಹುದಾದ ಸಂದರ್ಭ ಅದೊಂದೇ.

ತುಂಗಭದ್ರೆಯಲ್ಲಿ ಮೊಸಳೆ ಇವೆ. ಹಿಡಿದ ಮೀನನ್ನು ಜಾಳಿಗೆಯಲ್ಲಿ ಹಾಕಿ ಕಾಲ ಬಳಿಯ ನೀರಲ್ಲಿ ಇಳಿಬಿಡಬೇಡಿ, ಕರುಳು ತೆಗೆದು ಅಲ್ಲೇ ಎಸೆಯಬೇಡಿ.

ದಂಡೆ ನಿಮ್ಮೊಬ್ಬರದಲ್ಲ

ಹರಿಹರದ ಸ್ನಾನಘಟ್ಟದಲ್ಲಿ, ಉಕ್ಕಡಗಾತ್ರಿಯಲ್ಲಿ ಜನ ಬರಿಗಾಲಲ್ಲಿ ನೀರಿಗಿಳಿಯುತ್ತಾರೆ. ಅಂಥ ಕಡೆ, ಬಟ್ಟೆ ಒಗೆಯುವ ಕಲ್ಲಿನ ಬಳಿ, ದನ ಮೈತೊಳೆಯುವ ಇಳಿಜಾರಲ್ಲಿ ಗಾಳ ಹಾಕಬೇಡಿ. ದಾವಣಗೆರೆಗೆ ಕುಡಿಯುವ ನೀರೆತ್ತುವ ರಾಜನಹಳ್ಳಿಯ ಜಾಕ್‌ವೆಲ್ ಆಸುಪಾಸೂ ಬೇಡ. ಚಿತ್ರದುರ್ಗದ ನಲ್ಲಿಗೆ ಸೂಳೆಕೆರೆಯ ನೀರೂ ಹೋಗುತ್ತದೆ ಎಂಬುದು ಮೀನು ಸೆಳೆಯಲು ಹಿಂಡಿ ಸುರಿಯುವಾಗ ನೆನಪಿರಲಿ. ಅರ್ಧ ಕಿಲೋ ಅಕ್ಕಿ ತೌಡು, ಕಾಲು ಕಿಲೋ ಶೇಂಗಾ ಹಿಂಡಿ, ಒಂದು ಹಿಡಿ ಬೆಲ್ಲ, ಇಷ್ಟು ದಿನವಿಡೀ ಸಾಕು. ಐದಾರು ಕಿಲೋ ಸುರಿದರೆ ಮೀನು ತಿನ್ನದೆ ಉಳಿದದ್ದು ತಳದಲ್ಲಿ ಹುಳಿಯುತ್ತದೆ, ಬೇಸಿಗೆಯ ಸಣ್ಣ ಕೆರೆಯಲ್ಲಿ ಆಮ್ಲಜನಕ ಇಳಿಯುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆ ಕೆರೆಯಲ್ಲಿ ಅಂದು ಗಾಳ ಹಾಕಲೇಬೇಡಿ.

ತೋಟ, ಗದ್ದೆ ದಾಟಿ ಹೊಳೆಗೆ ಹೋಗುವುದಾದರೆ ಕೇಳಿ ಹೋಗಿ. "ಯಜಮಾನ್ರೇ, ನಿಮ್ಮ ಬದುವಿನ ಮೇಲೆ ಹೊಳೆಗೆ ಹೋಗಬೌದಾ?" ಎಂದರೆ ಬೇಡ ಅನ್ನುವವರು ಕಡಿಮೆ. ತೆರೆದ ಬೇಲಿ ಮುಚ್ಚಿ, ಟ್ರ್ಯಾಕ್ಟರ್ ದಾರಿಗೆ ಬೈಕು ಅಡ್ಡ ಬೇಡ, ಹುಲ್ಲಿನ ಬಣವೆಯ ಬಳಿ ಬೀಡಿಯೂ ಬೇಡ.

ಬೆಸ್ತರು ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ಎತ್ತುತ್ತಾರೆ. ಸಾಲಾಗಿ ತೇಲುವ ಬೆಂಡು ಅಥವಾ ಪ್ಲಾಸ್ಟಿಕ್ ಬಾಟಲಿ ಕಂಡರೆ ಅದರ ಕೆಳಗೆ ಬಲೆಯಿದೆ, ಅದನ್ನು ದಾಟಿಸಿ ಎಸೆಯಬೇಡಿ. ಗಾಳ ಬಲೆಗೆ ಸಿಕ್ಕಿದರೆ ಎಳೆದಷ್ಟೂ ಕಣ್ಣಿ ಹರಿಯುತ್ತದೆ. ನಿಮ್ಮ ದಾರ ಕತ್ತರಿಸಿ, ಬಲೆಯವರು ಬಂದಾಗ ಎಲ್ಲಿ ಗಾಳವಿದೆ ಎಂದು ತೋರಿಸಿ. ಕತ್ತಲಲ್ಲಿ ಬಲೆ ಬಿಡಿಸುವ ಅವರ ಬೆರಳಿಗೆ ಅದು ಚುಚ್ಚದಿರಲಿ.

ಎದ್ದು ಹೊರಡುವಾಗ

ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಒಣಗೈ ಮೈಮೇಲಿನ ಲೋಳೆ ಕೀಳುತ್ತದೆ, ಅಲ್ಲಿಂದ ಹುಣ್ಣು ಶುರುವಾಗುತ್ತದೆ. ಬಾಲದ ಬುಡ, ಹೊಟ್ಟೆಯಡಿ ಹಿಡಿದು, ತಲೆ ಸೆಳವಿಗೆ ಎದುರಾಗಿರುವಂತೆ ನೀರಲ್ಲಿ ನಿಲ್ಲಿಸಿ, ತಾನಾಗಿ ಈಜಿ ಹೋಗುವವರೆಗೆ ಕಾಯಿರಿ. ಎಸೆಯಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಮತ್ತೆ ನೀರಿಗೆ ಬಿಡಬಾರದು. ಅದನ್ನು ಸಾಕುವುದೇ ನಿಷಿದ್ಧ, ಉಳಿದ ಮೀನಿನ ಮರಿಗಳನ್ನೆಲ್ಲ ತಿಂದುಹಾಕುತ್ತದೆ.

ಆಮೇಲೆ ಆ ಡಬ್ಬಿ. ತುಂಡಾದ ದಾರ, ಬಾಗಿದ ಗಾಳ, ಸೀಸದ ಗುಂಡು ಎಲ್ಲ ಅದರೊಳಗೆ ಹೋಗಬೇಕು. ನೈಲಾನ್ ದಾರ ಮಣ್ಣಲ್ಲಿ ಕೊಳೆಯುವುದಿಲ್ಲ. ಸುಟ್ಟರೆ ಗಂಟಾಗಿ ಉಳಿಯುತ್ತದೆ, ಹೂತರೆ ಮೊದಲ ಮಳೆಗೆ ಮೇಲೆ ಬರುತ್ತದೆ. ಮನೆಗೆ ತಂದು ಕತ್ತರಿಯಲ್ಲಿ ಗೇಣಿಗಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಒಣಕಸಕ್ಕೆ ಹಾಕಿ. ಉದ್ದ ದಾರ ಹಾಗೇ ಎಸೆದರೆ ಕಸದ ಗುಡ್ಡೆಯಲ್ಲಿ ಕೊಕ್ಕರೆಯ ಕಾಲಿಗೆ ಸುತ್ತುತ್ತದೆ. ಮಂಡಕ್ಕಿ ಕವರು, ನೀರಿನ ಬಾಟಲಿ, ಹುಳು ತಂದ ಡಬ್ಬಿ ನಿಮ್ಮದೇ ಸಾಮಾನು, ನಿಮ್ಮ ಜೊತೆಯೇ ವಾಪಸ್ ಬರಲಿ.

ಬಂದಾಗ ಎಷ್ಟು ಗಾಳ ತಂದಿರಿ, ಈಗ ಎಷ್ಟಿವೆ ಎಣಿಸಿ. ಒಂದು ಕಡಿಮೆಯಿದ್ದು, ಅದು ನೀರಲ್ಲಿ ಹೋದ ನೆನಪಿಲ್ಲದಿದ್ದರೆ ದಡದಲ್ಲೇ ಇದೆ. ಬಗ್ಗಿ, ಟಾರ್ಚನ್ನು ನೆಲಕ್ಕೆ ಸಮವಾಗಿ ಹಿಡಿದು, ಕೂತ ಜಾಗದ ಸುತ್ತ ಹತ್ತು ಹೆಜ್ಜೆ ಬೆಳಕು ಹಾಯಿಸಿ. ಹಗಲಲ್ಲಿ ಕಾಣದ ದಾರವೂ ಗಾಳವೂ ಓರೆ ಬೆಳಕಿಗೆ ಮಿಂಚುತ್ತವೆ.